ಓವನ್‌ನಲ್ಲಿಟ್ಟರೂ ಪಿಎಲ್‌ಎ ಹೋಲ್ಡರ್ ಬಾಗುತ್ತಿದೆ, ಏನು ಮಾಡಲಿ?

ಕಾಫಿಕಣ, ಸೋಮವಾರಪೇಟೆ:
ಕಾಫಿ ಒಣಗಿಸುವ ಕಣದ ಪಕ್ಕ ಪಿಕಪ್ ನಿಲ್ಲಿಸಿದ್ದೆ, ಗಾಜು ಏರಿಸಿ. ಸಂಜೆ ನೋಡಿದರೆ ಡ್ಯಾಶ್‌ಬೋರ್ಡ್ ಮೇಲಿದ್ದ ಕಪ್ಪು ಪಿಎಲ್‌ಎ (3ಡಿ ಪ್ರಿಂಟರ್‌ನಲ್ಲಿ ಬಳಸುವ ಒಂದು ಪ್ಲಾಸ್ಟಿಕ್) ಮೊಬೈಲ್ ಹೋಲ್ಡರ್ ಬಾಗಿ ಮಲಗಿತ್ತು. ಓವನ್‌ನಲ್ಲಿ ಬಿಸಿ ಮಾಡಿದರೆ ಸರಿಹೋಗುತ್ತದೆ ಅಂತ ಓದಿ, ಹೊಸದನ್ನು 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟೆ. ಅದೂ ಬಾಗಿತು. ಇನ್ನೊಂದನ್ನು 160ರಲ್ಲಿ ಇಟ್ಟೆ, ಮುದ್ದೆಯಾಯಿತು. ತಪ್ಪು ಎಲ್ಲಿ?

ಎಳೆಗಂಟು, ಮಡಿಕೇರಿ:
ಎರಡೂ ತುದಿ ಮುಟ್ಟಿದ್ದೀರಿ ಅಣ್ಣ, ನಡುವೆ ನಿಲ್ಲಬೇಕಿತ್ತು.

ಜೇನನ್ನು ನೆನಪಿಸಿಕೊಳ್ಳಿ. ನಮ್ಮ ಡಿಸೆಂಬರ್ ಚಳಿಯಲ್ಲಿ, 14 ಡಿಗ್ರಿ ಆಸುಪಾಸಿನಲ್ಲಿ, ಕೆಲವು ಜೇನು ಬೇಗ ಹರಳುಗಟ್ಟುತ್ತದೆ. ಒಲೆ ಹತ್ತಿರ ಇಟ್ಟರೆ ಕಟ್ಟುವುದಿಲ್ಲ. ಫ್ರೀಜರ್‌ನಲ್ಲಿಟ್ಟರೂ ಕಟ್ಟುವುದಿಲ್ಲ, ಅಷ್ಟು ಮಂದವಾದ ಜೇನಿನಲ್ಲಿ ಅಣುಗಳು ಅಲುಗಾಡಲಾರವು.

ಪಿಎಲ್‌ಎ ಕಥೆಯೂ ಇದೇ, ಒಳಗೆ ಹರಳುಗಟ್ಟಿದರೆ ಬಿಸಿಲಿಗೆ ಬಾಗುವುದಿಲ್ಲ. ಕರಗುವ ಬಿಂದುವಿನ ಹತ್ತಿರ, ಅಂದರೆ 150-180ರಲ್ಲಿ, ಹರಳಾಗುವುದರಿಂದ ಎಳೆಗಳಿಗೆ (ಪ್ಲಾಸ್ಟಿಕ್‌ನ ಉದ್ದ ಅಣುಸರಪಳಿಗಳಿಗೆ) ಲಾಭವೇ ಇಲ್ಲ. ಇದು ಥರ್ಮೋಡೈನಾಮಿಕ್ಸ್, ಅಂದರೆ ಶಕ್ತಿಯ ಲೆಕ್ಕ. 60ರ ಹತ್ತಿರ ಲಾಭ ಜಾಸ್ತಿ, ಆದರೆ ಉದ್ದುದ್ದ ಎಳೆಗಳು ಸರಿದು ಮಡಚಿಕೊಳ್ಳಲು ಆಗುವುದಿಲ್ಲ. ಇದು ಕೈನೆಟಿಕ್ಸ್, ಅಂದರೆ ವೇಗದ ಲೆಕ್ಕ. ಎರಡೂ ಒಪ್ಪುವ ಜಾಗ 100-110 ಡಿಗ್ರಿ. ಪ್ರಿಂಟ್ ಆಗುವಾಗ 200 ಡಿಗ್ರಿಯಲ್ಲಿ ಹೊರಬಂದ ಪ್ಲಾಸ್ಟಿಕ್ ಫ್ಯಾನ್ ಗಾಳಿಗೆ ಈ ಜಾಗವನ್ನು ಕ್ಷಣದಲ್ಲಿ ದಾಟಿಬಿಡುತ್ತದೆ. ಹರಳಾಗಲು ಪುರುಸೊತ್ತೇ ಸಿಗುವುದಿಲ್ಲ, ಅದಕ್ಕೇ 60 ದಾಟಿದರೆ ಮೆತ್ತಗಾಗುತ್ತದೆ.

ಹೋಲ್ಡರನ್ನು ಪುಡಿ ಉಪ್ಪಿನಲ್ಲಿ ಹೂತು, ಒತ್ತಿ ತುಂಬಿ, 105ರಲ್ಲಿ ಇಡಿ. ಉಪ್ಪು ನಿಧಾನವಾಗಿ ಬಿಸಿಯಾಗುವುದರಿಂದ ಒಂದೂವರೆ ಗಂಟೆ ಬೇಕು. ಆಮೇಲೆ ಓವನ್ ಬಾಗಿಲು ತೆಗೆಯದೆ ತಣಿಯಲು ಬಿಡಿ. ಓವನ್ ಡಯಲ್ ನಂಬಬೇಡಿ, ಒಳಗೆ ಒಂದು ಥರ್ಮಾಮೀಟರ್ ಇಡಿ.

ಕಾಫಿಕಣ, ಸೋಮವಾರಪೇಟೆ:
ಬಾಗಲಿಲ್ಲ! ಮೂರು ದಿನ ಬಿಸಿಲಲ್ಲೇ ಇತ್ತು. ಆದರೆ ಈಗ ಮೊಬೈಲ್ ಒಳಗೆ ಹೋಗುತ್ತಿಲ್ಲ.

ಎಳೆಗಂಟು, ಮಡಿಕೇರಿ:
ಹರಳಾದಾಗ ಎಳೆಗಳು ಒತ್ತೊತ್ತಾಗಿ ಕೂರುತ್ತವೆ. ಜೊತೆಗೆ ಪ್ರಿಂಟ್ ಮಾಡುವಾಗ ಎಳೆದು ಕೂರಿಸಿದ ಬಿಗುವು ಸಡಿಲವಾಗುತ್ತದೆ. ಹಾಗಾಗಿ ಉದ್ದ-ಅಗಲ ಕುಗ್ಗಿ, ಎತ್ತರ ಸ್ವಲ್ಪ ಏರುತ್ತದೆ. 100 ಮಿಮೀ ಪಟ್ಟಿಯೊಂದನ್ನು ಅದೇ ಪ್ಲಾಸ್ಟಿಕ್ ತಂತಿಯ ರೋಲಿನಲ್ಲಿ ಪ್ರಿಂಟ್ ಮಾಡಿ, ಹೀಗೇ ಬಿಸಿ ಮಾಡಿ ಅಳೆಯಿರಿ. ಕುಗ್ಗಿದಷ್ಟು ಡಿಸೈನಿನಲ್ಲಿ ಸೇರಿಸಿ. ರೋಲ್ ಬದಲಾದರೆ ಮತ್ತೆ ಅಳೆಯಬೇಕು, ಒಂದೊಂದು ರೋಲ್ ಒಂದೊಂದು ವೇಗದಲ್ಲಿ ಹರಳಾಗುತ್ತದೆ.

ಕಾಫಿಕಣ, ಸೋಮವಾರಪೇಟೆ:
ಪಟ್ಟಿ 97 ಬಂತು. ಅಷ್ಟು ಸೇರಿಸಿದೆ, ಈಗ ಮೊಬೈಲ್ ಸರಿಯಾಗಿ ಕೂತಿದೆ. ತುಂಬಾ ಥ್ಯಾಂಕ್ಸ್ ಅಣ್ಣ.