‘ಭಾರ ಎತ್ತುವ ರಾಕೆಟ್’: ಸೂರ್ಯನ ಕಡೆ ಹೋಗುವಾಗ ಈ ಮಾತು ಸರಿಯೇ?

ಎಲ್ಲರಿಗೂ ನಮಸ್ಕಾರ. ದೊಡ್ಡ ರಾಕೆಟ್‌ಗಳನ್ನು ನಮ್ಮ ಪತ್ರಿಕೆಗಳು ‘ಭಾರ ಎತ್ತುವ ರಾಕೆಟ್’, ‘ಭಾರೀ ರಾಕೆಟ್’, ‘ಬಾಹುಬಲಿ’ ಅಂತ ಕರೆಯುತ್ತವೆ. ಇಸ್ರೋದ ಎಲ್‌ವಿಎಂ3ಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಭೂಮಿಯ ಹತ್ತಿರದ ಕಕ್ಷೆಗೆ ಅದು ಸುಮಾರು 8 ಟನ್ ಒಯ್ಯುತ್ತದೆ. ಆದರೆ ನಾಸಾದ ಪಾರ್ಕರ್ ಸೋಲಾರ್ ಪ್ರೋಬ್ ಬಗ್ಗೆ ಬರೆಯಲು ಕೂತಾಗ ಇದೇ ಮಾತು ಓದುವವರ ದಾರಿ ತಪ್ಪಿಸುತ್ತದೆ. ಬೇರೆ ಪದ ಬೇಕು ಅನ್ನಿಸಿ ಕೇಳುತ್ತಿದ್ದೇನೆ.

ವಿಜಯಪುರದಲ್ಲಿ ಹೈಸ್ಕೂಲು ಮಕ್ಕಳ ಜೊತೆ ವಿಜ್ಞಾನದ ಗೋಡೆ ಪತ್ರಿಕೆ ಮಾಡುತ್ತೇನೆ. ಈ ಸಲದ ವಿಷಯ ಸೂರ್ಯನನ್ನು ನೋಡಲು ಹೋದ ನೌಕೆಗಳು. ಆದಿತ್ಯ-ಎಲ್1 ತೂಕ ಸುಮಾರು 1,480 ಕೆಜಿ. 2023ರ ಸೆಪ್ಟೆಂಬರ್ 2ರಂದು ಅದನ್ನು ಒಯ್ದದ್ದು ಪಿಎಸ್‌ಎಲ್‌ವಿ, ಸುಮಾರು 320 ಟನ್ ತೂಕದ ರಾಕೆಟ್. ಪಾರ್ಕರ್ ತೂಕ ಸುಮಾರು 685 ಕೆಜಿ ಮಾತ್ರ. 2018ರ ಆಗಸ್ಟ್ 12ರಂದು ಅದನ್ನು ಒಯ್ದದ್ದು ಡೆಲ್ಟಾ 4 ಹೆವಿ. ಆ ರಾಕೆಟ್ಟಿನ ತೂಕವೇ 730 ಟನ್ ಆಸುಪಾಸು. ಈ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದ ಹುಡುಗಿ ಪೆನ್ನು ನಿಲ್ಲಿಸಿ, “ಅಂಕಿ ಅದಲಿ ಬದಲಿ ಆಗ್ಯಾವ್ರಿ ಸರ್” ಅಂದಳು. ಹಗುರದ ನೌಕೆಗೆ ಭಾರ ಎತ್ತುವ ರಾಕೆಟ್ ಯಾಕೆ ಬೇಕು? ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ತಪ್ಪು ಅಂಕಿಯದಲ್ಲ, ನಾವು ಕೊಟ್ಟ ಹೆಸರಿನದು.

ಡೆಲ್ಟಾ 4 ಹೆವಿ ಭೂಮಿಯ ಹತ್ತಿರದ ಕಕ್ಷೆಗೆ 28 ಟನ್‌ಗಿಂತ ಜಾಸ್ತಿ ಒಯ್ಯಬಲ್ಲದಾಗಿತ್ತು. ಪಾರ್ಕರ್‌ಗಾಗಿ ಅದರ ತಲೆಯ ಮೇಲೆ ಸ್ಟಾರ್ 48 ಎಂಬ ಘನ ಇಂಧನದ ಇನ್ನೊಂದು ಹಂತವನ್ನೂ ಕೂರಿಸಿದರು. ಅಷ್ಟೆಲ್ಲ ಸೇರಿ ಕೊನೆಗೆ ಸಾಗಿಸಿದ್ದು ಒಂದು ಟನ್ನೂ ಇಲ್ಲದ ನೌಕೆಯನ್ನು. ಉಳಿದ ಬಲವೆಲ್ಲ ವೇಗಕ್ಕೆ ಖರ್ಚಾಯಿತು.

ಸೂರ್ಯ ಎಲ್ಲವನ್ನೂ ತನ್ನ ಕಡೆ ಎಳೆಯುತ್ತಾನೆ, ಸುಮ್ನೆ ಬಿಟ್ಟರೆ ಬೀಳಬೇಕಲ್ವಾ ಅಂತ ಬಹಳ ಮಂದಿ ಅಂದುಕೊಳ್ಳುತ್ತಾರೆ. ಬೀಳುವುದಿಲ್ಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಇಲ್ಲಿಂದ ಹೊರಟ ನೌಕೆಗೂ ಆ ಓಟ ಅಂಟಿಕೊಂಡೇ ಇರುತ್ತದೆ. ಅದನ್ನು ಕಳೆದಷ್ಟೇ ನೌಕೆ ಸೂರ್ಯನ ಕಡೆ ಜಾರುತ್ತದೆ. ಪೂರ್ತಿ ಕಳೆಯಬೇಕೆಂದರೆ ಹತ್ತಿರ ಹತ್ತಿರ 30 ಕಿಲೋಮೀಟರ್ ವೇಗವನ್ನು ಎದುರು ದಿಕ್ಕಿಗೆ ಕೊಡಬೇಕು. ಸೌರವ್ಯೂಹವನ್ನೇ ಬಿಟ್ಟು ಹೊರಗೆ ಹೋಗಲು ಸುಮಾರು 12 ಕಿಲೋಮೀಟರ್ ಹೆಚ್ಚುವರಿ ವೇಗ ಸಾಕು! ನಕ್ಷತ್ರಗಳ ಕಡೆ ಹೋಗುವುದಕ್ಕಿಂತ ಸೂರ್ಯನೊಳಗೆ ಬೀಳುವುದು ಕಷ್ಟ. ಈ ಸಾಲನ್ನು ಗೋಡೆ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.

ಪಾರ್ಕರ್ ಭೂಮಿಯ ಹಿಡಿತ ಬಿಟ್ಟ ಮೇಲೂ ಅದರ ಬಳಿ ಸೆಕೆಂಡಿಗೆ ಸುಮಾರು 12 ಕಿಲೋಮೀಟರ್ ವೇಗ ಉಳಿದಿತ್ತು. ಅದು ಹೆಚ್ಚುಕಡಿಮೆ ಭೂಮಿಯ ಓಟಕ್ಕೆ ಎದುರಾಗಿತ್ತು. ಮಿಕ್ಕ ಕೆಲಸ ಶುಕ್ರನದು. ಶುಕ್ರನ ಪಕ್ಕದಲ್ಲಿ 7 ಸಲ ಹಾದು, ಅದರ ಸೆಳೆತದಿಂದ ಪ್ರತಿ ಸಲ ಒಂದಿಷ್ಟು ಓಟ ಕಳೆದುಕೊಂಡು, ಸೂರ್ಯನ ಹತ್ತಿರ ಹತ್ತಿರ ಸರಿದು, 2024ರ ಡಿಸೆಂಬರ್ 24ರಂದು ಅದು ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿಲೋಮೀಟರ್ ದೂರದಲ್ಲಿ ಸುಳಿದು ಹೋಯಿತು. ಆದಿತ್ಯನ ಕಥೆಯೇ ಬೇರೆ. ಅದು ಇರುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತ. ಭೂಮಿ ಮತ್ತು ಸೂರ್ಯನ ನಡುವಿನ ದೂರದಲ್ಲಿ ಇದು ನೂರರಲ್ಲಿ ಒಂದು ಪಾಲು. ಪಿಎಸ್‌ಎಲ್‌ವಿ ಅದನ್ನು ಭೂಮಿಯ ಸುತ್ತಲಿನ ಉದ್ದನೆಯ ಕಕ್ಷೆಗೆ ಬಿಟ್ಟಿತು. ಅಲ್ಲಿಂದ ತನ್ನ ಎಂಜಿನ್ನಿನಿಂದಲೇ ವೇಗ ಏರಿಸಿಕೊಂಡು 2024ರ ಜನವರಿ 6ಕ್ಕೆ ಜಾಗ ಸೇರಿತು. ಭೂಮಿಯ ಓಟಕ್ಕೆ ಅದು ಎದುರು ಬೀಳಬೇಕಾಗಿಲ್ಲ. ಭೂಮಿಯ ಜೊತೆಗೇ ಸೂರ್ಯನನ್ನು ಸುತ್ತುತ್ತದೆ.

ಇನ್ನು ಪದಗಳಿಗೆ ಬರುತ್ತೇನೆ. ರಾಕೆಟ್ಟಿನ ಬಲ ಅಂದರೆ ಎರಡು ಅಳತೆ: ಎಷ್ಟು ತೂಕ, ಎಷ್ಟು ವೇಗ. ನಮ್ಮ ಊರಿನ ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತವರು ಗುಂಡು ಎಷ್ಟು ದೊಡ್ಡದಿತ್ತು, ಎಷ್ಟು ದೂರ ಹೋಗುತ್ತಿತ್ತು ಅಂತ ಎರಡನ್ನೂ ಕೇಳುತ್ತಾರೆ. ‘ಭಾರ ಎತ್ತುವ’ ಅನ್ನುವ ಮಾತಿನಲ್ಲಿ ಮೊದಲನೆಯದು ಮಾತ್ರ ಇದೆ. ‘ಭಾರೀ ರಾಕೆಟ್’ ಇನ್ನೂ ತೊಡಕು. ರಾಕೆಟ್ಟೇ ಭಾರವೋ, ಅದು ಒಯ್ಯುವುದು ಭಾರವೋ? ಮೇಲಾಗಿ ನಮ್ಮ ಕಡೆ ‘ಭಾರೀ’ ಅಂದರೆ ಬಹಳ ಚಲೋ ಅಂತಲೂ ಅರ್ಥ. ‘ಸಾಮರ್ಥ್ಯ’ ಅಂತ ಬರೆದರೆ ತಪ್ಪಿಲ್ಲ, ಆದರೆ ಯಾವ ಸಾಮರ್ಥ್ಯ ಅಂತ ಅದು ಹೇಳುವುದಿಲ್ಲ.

ತೂಕದ ಕಡೆ ನಮ್ಮಲ್ಲಿ ಪದಗಳಿಗೆ ಕೊರತೆಯಿಲ್ಲ. ಮನುಷ್ಯ ತಲೆಯ ಮೇಲೆ ಹೊರುವುದು ಹೊರೆ. ಬಂಡಿಗೆ, ಲಾರಿಗೆ ತುಂಬುವುದು ಹೇರು. ಎತ್ತಲು ಕಷ್ಟವಾದರೆ ‘ಒಜ್ಜೆ’, ಮಾತಿನಲ್ಲಿ ‘ಒಜ್ಜಿ’. ಮಾರ್ಕೆಟ್ಟಿನಲ್ಲಿ ಹಮಾಲರ ಬಾಯಲ್ಲಿ ಇವು ಈಗಲೂ ಇವೆ. ರಾಕೆಟ್ ಒಯ್ಯುವುದಕ್ಕೆ ‘ಹೇರು’ ನನಗೆ ಬಹಳ ಹಿಡಿಸಿದೆ. ‘ಪೇಲೋಡ್’ ಅನ್ನುವುದರಲ್ಲಿ ಒಂದು ಗೊಂದಲವೂ ಇದೆ. ರಾಕೆಟ್ಟಿನವರಿಗೆ ಇಡೀ ಆದಿತ್ಯ-ಎಲ್1 ಪೇಲೋಡ್. ನೌಕೆಯವರಿಗೆ ಅದರೊಳಗಿನ 7 ಉಪಕರಣಗಳು ಪೇಲೋಡ್. ಮೊದಲನೆಯದನ್ನು ಹೇರು ಅಂದು, ಎರಡನೆಯದನ್ನು ಉಪಕರಣ ಅಂತಲೇ ಬಿಟ್ಟರೆ ಗೊಂದಲ ಹೋಗುತ್ತದೆ.

ವೇಗದ ಕಡೆ ನನಗೆ ತೊಡಕಾಗಿದೆ. ವಿಜಯಪುರದಲ್ಲಿ ಸಹಜವಾಗಿ ಬರುವ ಮಾತು ‘ಒಗೆ’. ಇಲ್ಲಿ ಬಟ್ಟೆಯನ್ನೂ ಒಗೆಯುತ್ತೇವೆ, ಕಲ್ಲನ್ನೂ ಒಗೆಯುತ್ತೇವೆ. ‘ಒಗೆಯುವ ಬಲ’ ಅಂದರೆ ನಮ್ಮ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ಮೈಸೂರು ಕಡೆ ಬಟ್ಟೆ ಮಾತ್ರ ನೆನಪಾಗಬಹುದು. ‘ಎಸೆತ’ ಎಲ್ಲ ಕಡೆ ನಡೆಯುತ್ತದೆ, ಆದರೆ ಕ್ರಿಕೆಟ್ ವರದಿಗಳು ಅದನ್ನು ತಮ್ಮದು ಮಾಡಿಕೊಂಡಿವೆ. ಆದರೂ ‘ಎತ್ತುವ ಬಲ’, ‘ಎಸೆಯುವ ಬಲ’ ಅಂತ ಜೋಡಿಯಾಗಿ ಬರೆದರೆ ಅರ್ಥ ನಿಲ್ಲುತ್ತದೆ ಅಂತ ನನ್ನ ಅನಿಸಿಕೆ.

ಇನ್ನೊಂದು ಪದ ‘ಸಿ3’. ಭೂಮಿಯ ಹಿಡಿತ ಬಿಟ್ಟ ಮೇಲೆ ಉಳಿದ ವೇಗದ ವರ್ಗವನ್ನು ರಾಕೆಟ್ ಲೆಕ್ಕದವರು ಹೀಗೆ ಕರೆಯುತ್ತಾರೆ. ಪಾರ್ಕರ್‌ಗೆ ಅದು ಸುಮಾರು 154. ಆದಿತ್ಯನಿಗೆ ಸೊನ್ನೆಯ ಹತ್ತಿರ. ಭೂಮಿಯನ್ನು ಸುತ್ತುವ ಉಪಗ್ರಹಗಳಿಗೆ ಸೊನ್ನೆಗಿಂತ ಕೆಳಗೆ. ಇದಕ್ಕೆ ‘ಶಿಲ್ಕು’ ಹೇಗಿರುತ್ತದೆ? ಸೊಸೈಟಿಯ ಲೆಕ್ಕದ ಪುಸ್ತಕ ನೋಡಿದವರಿಗೆಲ್ಲ ಗೊತ್ತಿರುವ ಪದ. ಭೂಮಿಗೆ ಕೊಡಬೇಕಾದ್ದನ್ನು ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದು ಶಿಲ್ಕು. ಸೊನ್ನೆಗಿಂತ ಕೆಳಗಿದ್ದರೆ ಇನ್ನೂ ಬಾಕಿ ಇದೆ ಅಂತ. ‘ಅವಶೇಷ ಶಕ್ತಿ’ ಅಂತ ಬರೆದರೆ ಯಾವ ಹುಡುಗನೂ ಓದಲಾರ. ಆದರೆ ಹಣದ ಲೆಕ್ಕದ ಪದವನ್ನು ವೇಗಕ್ಕೆ ತಂದರೆ ದಕ್ಷಿಣದ ಓದುಗರಿಗೆ, ಕರಾವಳಿಯವರಿಗೆ ಹೊಂದುತ್ತದೆಯೇ? ‘ಉಳಿಕೆ ವೇಗ’ ಅಂದರೇ ಸಾಕೇ?

ಬಾಗಲಕೋಟೆ, ಬೆಳಗಾವಿ ಕಡೆಯವರು ‘ಹೇರು’ ಪದವನ್ನು ಲಾರಿ, ಟ್ರ್ಯಾಕ್ಟರುಗಳಿಗೂ ಬಳಸುತ್ತೀರಾ, ಬಂಡಿಗೆ ಮಾತ್ರವಾ? ಕಬ್ಬು ಸಾಗಿಸುವವರ ಮಾತಿನಲ್ಲಿ ಬೇರೆ ಪದ ಇದ್ದರೆ ಅದನ್ನೂ ತಿಳಿಸಿ. ಗೋಡೆ ಪತ್ರಿಕೆಯಲ್ಲಿ ಸದ್ಯಕ್ಕೆ ಹೀಗೆ ಬರೆಸಿದ್ದೇನೆ: ‘ಪಾರ್ಕರ್: ಹೇರು 685 ಕೆಜಿ, ಉಳಿಕೆ ವೇಗ ಸೆಕೆಂಡಿಗೆ ಸುಮಾರು 12 ಕಿಮೀ’. ‘ಉಳಿಕೆ’ ಅನ್ನುವಲ್ಲಿ ಪೆನ್ಸಿಲ್ಲಿನಲ್ಲಿದೆ, ನಿಮ್ಮ ಉತ್ತರ ನೋಡಿ ಶಾಯಿ ತುಂಬುತ್ತೇವೆ.