ವಾಸನೆಯೇ ತಿಳಿಯದವರಿಗೆ ಮೆಣಸಿನಕಾಯಿ ಘಾಟು ತಟ್ಟುವುದು ಹೇಗೆ?

ಪ್ರಶ್ನೆ (ಮೂಡಿಗೆರೆ): ಮೇಡಂ, ನಮ್ಮತ್ತೆಗೆ ವಾಸನೆ ಪೂರ್ತಿ ಹೋಗಿದೆ. ಪಕ್ಕದಲ್ಲೇ ಕಾಫಿ ಬೀಜ ಹುರಿದರೂ ಗೊತ್ತಾಗಲ್ಲ. ಆದರೆ ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸೀದರೆ, ಕಣದಲ್ಲಿ ಕಾಳುಮೆಣಸು ತೂರಿದರೆ ಸೀನಿ ಸೀನಿ ಸುಸ್ತಾಗ್ತಾರೆ. ಹಾಗಾದರೆ ವಾಸನೆ ಸ್ವಲ್ಪ ಉಳಿದಿದೆ ಅಂತಲಾ?

ಉತ್ತರ (ಕಿವಿ-ಮೂಗು-ಗಂಟಲು ವೈದ್ಯೆ, ಹಾಸನ): ಹಾಗೆ ಹೇಳೋಕಾಗಲ್ಲ. ವಾಸನೆ ಹಿಡಿಯುವ ಕೋಶಗಳಿರುವುದು ಮೂಗಿನ ಮೇಲ್ಭಾಗದ ಕೆಲವೇ ಚದರ ಸೆಂಟಿಮೀಟರ್ ಜಾಗದಲ್ಲಿ, ಅವುಗಳದ್ದು ಮೊದಲನೇ ಕಪಾಲ ನರ (ಮಿದುಳಿಗೆ ನೇರ ಸೇರುವ ನರ). ಘಾಟನ್ನು ಹಿಡಿಯುವುದು ಐದನೇ ನರ, ಟ್ರೈಜೆಮಿನಲ್. ಅದರ ತುದಿಗಳು ಮೂಗಿನ ಒಳಪೊರೆಯಲ್ಲೆಲ್ಲ ಹರಡಿವೆ. ಒಂದು ಕೆಟ್ಟರೂ ಇನ್ನೊಂದು ಚೆನ್ನಾಗಿರಬಹುದು.

ಆ ತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ, ಅದು ನರಕೋಶದ ಪೊರೆಯಲ್ಲಿರುವ ಪುಟ್ಟ ಬಾಗಿಲಿದ್ದಂತೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಕಾಳುಮೆಣಸಿನ ಪೈಪರಿನ್, ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಎಲ್ಲಕ್ಕೂ ತೆರೆದುಕೊಳ್ಳುವುದು ಇದೇ. ಆಗ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು (ವಿದ್ಯುದಂಶವಿರುವ ಕಣಗಳು) ಒಳನುಗ್ಗಿ ನರ ಚುರುಕಾಗುತ್ತದೆ, ಖಾರ ಉರಿಯಾಗಿ ತಿಳಿಯುತ್ತದೆ. 1997ರಲ್ಲಿ ಈ ಪ್ರೋಟೀನನ್ನು ಗುರುತಿಸಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಸಾಸಿವೆ ಘಾಟು, ಸೀದ ಎಣ್ಣೆಯ ಅಕ್ರೋಲಿನ್, ಫಾರ್ಮಾಲಿನ್‌ಗೆ ಸ್ಪಂದಿಸುವುದು ಅದೇ ಬಗೆಯ ಇನ್ನೊಂದು ಪ್ರೋಟೀನ್, ಟಿಆರ್‌ಪಿಎ1.

ಕ್ಯಾಪ್ಸೈಸಿನ್ ಸುಲಭವಾಗಿ ಆವಿಯಾಗಲ್ಲ, ಎಣ್ಣೆಯ ಹನಿ, ಹೊಗೆಯ ಕಣಗಳ ಮೇಲೆ ಕೂತು ಬರುತ್ತದೆ. ಮೆಣಸು ತೂರುವಾಗ ಮೂಗಿಗೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿಸಿ, ಉಪಯೋಗವಿದೆ. ಅಮೋನಿಯಾ, ಕ್ಲೋರಿನ್‌ನಂಥ ಅನಿಲಕ್ಕೆ ಅದು ತಡೆಯಲ್ಲ.

ಮನೆಯಲ್ಲೇ ನೋಡಬೇಕೆಂದರೆ ಕಣ್ಣು ಮುಚ್ಚಿಸಿ, ಒಂದು ಹೊಳ್ಳೆ ಒತ್ತಿ ಹಿಡಿದು ಮೊದಲು ಕಾಫಿಪುಡಿ, ಆಮೇಲೆ ಮೆಂಥಾಲ್ ಬಾಮ್ ಹತ್ತಿರ ತನ್ನಿ. ಬಾಮ್ ತಣ್ಣಗೆ ಚುರುಗುಟ್ಟಿ, ಕಾಫಿ ಮಾತ್ರ ತಿಳಿಯದಿದ್ದರೆ ಐದನೇ ನರ ಕೆಲಸ ಮಾಡುತ್ತಿದೆ ಎಂದರ್ಥ. ಮೆಣಸಿನಪುಡಿ ಮೂಸಿಸಬೇಡಿ. ಮೂಗಿನೊಳಗೆ ಪಾಲಿಪ್ (ಮೆತ್ತನೆಯ ಗಡ್ಡೆ) ಅಡ್ಡ ಬೆಳೆದಿದ್ದರೂ ವಾಸನೆ ಹೋಗುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಹಾಗಾಗಿ ಎಂಡೋಸ್ಕೋಪಿ (ಮೂಗಿನೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಮಾಡಿಸದೆ ಬಿಡಬೇಡಿ.

ಸೇರ್ಪಡೆ (ಶರೀರಕ್ರಿಯಾಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು): ನರದ ತುದಿಗಳ ಜೊತೆ ಇನ್ನೊಂದು ಕಾವಲೂ ಇದೆ. ಒಳಪೊರೆಯಲ್ಲಿ ಅಲ್ಲಲ್ಲಿ ಒಂಟಿಯಾಗಿರುವ ರಾಸಾಯನಿಕ ಸಂವೇದಿ ಕೋಶಗಳು. ನಾಲಿಗೆಯಲ್ಲಿ ಕಹಿ ಹಿಡಿಯುವ ಗ್ರಾಹಕಗಳೇ ಇವುಗಳಲ್ಲೂ ಇವೆ. ಕಹಿ ವಸ್ತು, ಕೆಲವು ಬ್ಯಾಕ್ಟೀರಿಯಾಗಳು ಬಿಡುವ ಸಂಕೇತ ಅಣುಗಳು ತಾಗಿದರೆ ಕೋಶದೊಳಗೆ ಕ್ಯಾಲ್ಸಿಯಂ ಏರಿ ಟಿಆರ್‌ಪಿಎಂ5 ಎಂಬ ಅಂಥದ್ದೇ ಬಾಗಿಲು ತೆರೆಯುತ್ತದೆ. ಕೋಶ ಬಿಡುವ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ರಾಸಾಯನಿಕ ಪಕ್ಕದ ಟ್ರೈಜೆಮಿನಲ್ ತುದಿಯನ್ನು ಎಬ್ಬಿಸುತ್ತದೆ. ಇಲಿಗಳಲ್ಲಿ ಆಗ ಉಸಿರಾಟ ನಿಧಾನವಾಗುವುದನ್ನೂ, ಒಳಪೊರೆ ಊದಿಕೊಳ್ಳುವುದನ್ನೂ ನೋಡಿದ್ದಾರೆ.

ಪ್ರಶ್ನೆ (ಮೂಡಿಗೆರೆ): ಘಾಟು ತಿಳಿಯುತ್ತೆ ಅಂದಮೇಲೆ ಅತ್ತೆಯವರು ಒಬ್ಬರೇ ಅಡುಗೆಮನೆಯಲ್ಲಿದ್ದರೆ ಭಯವಿಲ್ಲ ಅಲ್ವಾ?

ಉತ್ತರ (ವೈದ್ಯೆ): ಭಯ ಇದೆ. ಸಿಲಿಂಡರ್ ಗ್ಯಾಸಿಗೆ ಸೇರಿಸುವ ಮರ್ಕ್ಯಾಪ್ಟನ್ ಬರೀ ವಾಸನೆ. ಸೋರಿಕೆಯಾದಾಗ ಗಾಳಿಯಲ್ಲಿರುವಷ್ಟು ಪ್ರಮಾಣಕ್ಕೆ ಮೂಗು ಉರಿಯಲ್ಲ, ಅವರಿಗೆ ಗೊತ್ತೇ ಆಗಲ್ಲ. ಗ್ಯಾಸ್ ಅಲಾರಂ ಹಾಕಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ಕೂರುತ್ತದೆ. ಆದ್ದರಿಂದ ಅಲಾರಂ ನೆಲದಿಂದ ಒಂದಡಿಯೊಳಗೇ ಇರಲಿ, ಮೇಲೆ ಶೆಲ್ಫಿನಲ್ಲಿಟ್ಟರೆ ತಡವಾಗಿ ಕೂಗುತ್ತದೆ.