ಕೋಡು ಮುರಿದ ಎತ್ತಿಗೆ ಹುಳ ಬಿದ್ದಿದೆ, ಅನುಭವ ಇದ್ದವರು ಹೇಳಿ

ಕೇಳಿದವರು, ಹುನಗುಂದ ತಾಲ್ಲೂಕು:
ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ನಮ್ಮ ಕಿಲಾರಿ ಎತ್ತು ಅಗಸಿ ಕಲ್ಲಿಗೆ ಬಡಿದು ಎಡಗೋಡು ಮುರಿದುಕೊಂಡಿತು. ಅರಿಶಿಣ, ಕೊಬ್ಬರಿ ಎಣ್ಣೆ ಹಚ್ಚಿ ಅರಿವೆ ಕಟ್ಟಿದ್ದೆ. ಆರು ದಿನ ಆಯಿತು. ನಿನ್ನೆಯಿಂದ ಕೆಟ್ಟ ವಾಸನೆ. ತಲೆ ಒಂದೇ ಕಡೆ ವಾಲಿಸಿ ಕೊಡವುತ್ತಿದೆ. ಎಡ ಮೂಗಿನಲ್ಲಿ ರಕ್ತ ಬೆರೆತ ಸಿಂಬಳ. ಅರಿವೆ ಬಿಚ್ಚಿದರೆ ಬುಡದ ತೂತಿನಲ್ಲಿ ಬಿಳಿ ಹುಳ. ಪಕ್ಕದ ಮನೆಯವರು ಪೆಟ್ರೋಲ್ ಸುರಿ ಅನ್ನುತ್ತಾರೆ. ನಮ್ಮವ್ವ ಮಂತ್ರ ಹಾಕಿಸು ಅನ್ನುತ್ತಾಳೆ. ಬಿತ್ತನೆ ಹೊತ್ತು ಬೇರೆ. ಏನು ಮಾಡಲಿ?

ಮುಧೋಳ ಕಡೆಯ ರೈತ:
ಪೆಟ್ರೋಲ್ ಬಾಟಲಿ ಮೊದಲು ದೂರ ಇಡಿ ಅಣ್ಣಾ. ಆ ತಪ್ಪು ಮಾಡಿ ಅನುಭವಿಸಿದವನು ನಾನು. ನೊಗ ಉಜ್ಜಿ ಎತ್ತಿನ ಹೆಗಲ ಮೇಲೆ ಹುಣ್ಣಾಗಿ ಹುಳ ಬಿದ್ದಿತ್ತು. ಸುರಿದೆ. ಹುಳ ಸತ್ತವು, ನಿಜ. ಆದರೆ ಸುತ್ತಲಿನ ಚರ್ಮ ಸುಟ್ಟು, ಅಂಗೈಯಷ್ಟಿದ್ದ ಹುಣ್ಣು ಎರಡು ಪಟ್ಟು ದೊಡ್ಡದಾಯಿತು. ಸತ್ತ ಹುಳ ಒಳಗೇ ಕೊಳೆತವು. ಆ ಹಂಗಾಮು ಪೂರ್ತಿ ಬಾಡಿಗೆ ಟ್ರ್ಯಾಕ್ಟರ್.

ಈಗ ಟರ್ಪೆಂಟೈನ್ ಎಣ್ಣೆ ಬಳಸುತ್ತೇನೆ. ಹತ್ತಿಯನ್ನು ಅದರಲ್ಲಿ ತೋಯಿಸಿ ಗಾಯದ ಬಾಯಿಗೆ ಒತ್ತಿ ಹತ್ತು ನಿಮಿಷ ಬಿಡುತ್ತೇನೆ. ಹುಳ ಮೇಲೆ ಬರುತ್ತವೆ, ಚಿಮಟದಿಂದ ಒಂದೊಂದೇ ತೆಗೆಯುತ್ತೇನೆ. ಆದರೆ ಇದು ಹೆಗಲು, ಕಾಲು, ಬಾಲದ ಮಾತು. ಕೋಡಿನ ಮಾತು ಬೇರೆ, ತಿಳಿದವರು ಹೇಳಲಿ.

ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಬಾಗಲಕೋಟೆ:
ಬೇರೆನೇ, ನೋಡ್ರಿ. ದೊಡ್ಡ ದನದ ಕೋಡು ಒಳಗೆ ಟೊಳ್ಳು. ಆ ಟೊಳ್ಳು ಹಣೆಯ ಎಲುಬಿನ ಪೊಳ್ಳಿಗೆ ಸೇರುತ್ತದೆ, ಅಲ್ಲಿಂದ ಮೂಗಿಗೆ ದಾರಿ. ನಿಮ್ಮ ಎತ್ತಿಗೆ ಎಡ ಮೂಗಿನಲ್ಲಿ ಮಾತ್ರ ರಕ್ತ ಬರುತ್ತಿರುವುದು ಅದಕ್ಕೇ. ಆ ತೂತಿಗೆ ಟರ್ಪೆಂಟೈನ್, ಫಿನಾಯಿಲ್, ಡಾಂಬರ ಗುಳಿಗೆ ಪುಡಿ ಯಾವುದನ್ನೂ ನೀವಾಗಿ ಹಾಕಬೇಡಿ, ಮೂಗಿಗೆ ಇಳಿದು ಉಸಿರಿಗೆ ಸಿಕ್ಕಿಕೊಳ್ಳುತ್ತದೆ. 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ. ಒಳಗಿನದನ್ನು ತೊಳೆದು ತೆಗೆಯುವುದು ಡಾಕ್ಟರ ಕೆಲಸ.

ಹುಳ ಯಾಕೆ ಮೇಲೆ ಬರುತ್ತವೆ ಗೊತ್ತಾ? ಅವು ಮಾಂಸದೊಳಗೆ ತಲೆಕೆಳಗಾಗಿ ನಿಂತು ತಿನ್ನುತ್ತವೆ. ಉಸಿರಾಡುವ ರಂಧ್ರ ಹಿಂಭಾಗದಲ್ಲಿ. ಗಾಯದ ಬಾಯಿ ಮುಚ್ಚಿದರೆ ಉಸಿರು ಕಟ್ಟಿ ಹೊರಗೆ ಬರುತ್ತವೆ. ಮೈಮೇಲೆ ಮುಳ್ಳಿನ ಸುತ್ತುಗಳು, ನೋಡಲು ಸ್ಕ್ರೂ ಇದ್ದ ಹಾಗೆ. ಅದಕ್ಕೇ ಸ್ಕ್ರೂವರ್ಮ್ ಅನ್ನೋದು. ನಮ್ಮ ಕಡೆಯದು ಕ್ರೈಸೋಮಿಯಾ ಬೆಜಿಯಾನಾ, ನೀಲಿ ಹಸಿರು ಮಿಂಚುವ ನೊಣ. ಇದಕ್ಕೆ ಕೊಳೆತ ಹೆಣ ಬೇಡ, ಜೀವ ಇರುವ ಮಾಂಸವೇ ಬೇಕು. ಗಾಯದ ಅಂಚಿಗೆ ಒಮ್ಮೆಗೆ 100ರಿಂದ 250 ಮೊಟ್ಟೆ ಅಂಟಿಸುತ್ತದೆ. 12ರಿಂದ 24 ಗಂಟೆಯಲ್ಲಿ ಮರಿ. ಐದರಿಂದ ಏಳು ದಿನ ತಿಂದು, ತಾವಾಗೇ ಉದುರಿ ಮಣ್ಣು ಸೇರಿ ಕೋಶ ಕಟ್ಟುತ್ತವೆ.

ಮಂತ್ರದ ಗುಟ್ಟೂ ಇಲ್ಲೇ ಇದೆ, ಅಲ್ವಾ? ಐದನೇ ದಿನ ಮಂತ್ರ ಹಾಕಿಸಿದರೆ ಆರನೇ ದಿನ ಹುಳ ಉದುರುತ್ತವೆ. ಹೆಸರು ಮಂತ್ರಕ್ಕೆ. ಅಷ್ಟರಲ್ಲಿ ಆ ವಾಸನೆಗೆ ಬೇರೆ ನೊಣ ಬಂದು ಹೊಸ ಮೊಟ್ಟೆ ಇಟ್ಟಿರುತ್ತದೆ. ಅವ್ವನ ಸಮಾಧಾನಕ್ಕೆ ಹಾಕಿಸಿ, ಬೇಡ ಅನ್ನಲ್ಲ. ಡಾಕ್ಟರು ಬಂದು ಹೋದ ಮೇಲೆ ಹಾಕಿಸಿ.

ತೆಗೆದ ಹುಳವನ್ನು ತಿಪ್ಪೆಗೆ ಎಸೆಯುವವರೇ ಜಾಸ್ತಿ. ಅಲ್ಲಿ ಬಲಿತವು ನೊಣ ಆಗಿ ನಿಮ್ಮ ದೊಡ್ಡಿಗೇ ಬರುತ್ತವೆ. ಕುದಿಯುವ ನೀರಿಗೆ ಹಾಕಿ.

ಕುರಿ ಸಾಕಿದವನು, ಬೀಳಗಿ:
ನಮ್ಮಲ್ಲಿ ಡೆಕ್ಕನಿ ಕುರಿ. ಮಳೆಗಾಲದಲ್ಲಿ ಹಸಿ ಮೇವು ತಿಂದು ಉಚ್ಚಿಕೊಳ್ಳುತ್ತವೆ, ಬಾಲದ ಕೆಳಗಿನ ಉಣ್ಣೆ ಸದಾ ಒದ್ದೆ. ಗಾಯ ಇರದಿದ್ದರೂ ನೊಣ ಅಲ್ಲಿ ಕೂರುತ್ತದೆ. ಹುಳ ಬಿದ್ದ ಕುರಿ ಹಿಂಡಿನಿಂದ ದೂರ ನಿಂತು ಬಾಲ ಅಲ್ಲಾಡಿಸುತ್ತದೆ, ಕಾಲು ಬಡಿಯುತ್ತದೆ, ತಿರುತಿರುಗಿ ಹಿಂದೆ ಕಚ್ಚಿಕೊಳ್ಳುತ್ತದೆ. ವಾಸನೆ ಬರುವವರೆಗೂ ಕಾಯಬಾರದು. ಮಳೆಗೆ ಮುಂಚೆ ಬಾಲದ ಸುತ್ತ ಉಣ್ಣೆ ಕತ್ತರಿಸಿ ಬಿಡುತ್ತೇವೆ. ಈದ ದಿನವೇ ಮರಿಯ ಹೊಕ್ಕಳಿಗೆ ಟಿಂಚರ್ ಅಯೋಡಿನ್. ಅಮೀನಗಡ ಸಂತೆಯಿಂದ ತಂದ ಟಗರಿನ ಕೋಡಿನ ಸಂದು, ಕಿವಿ, ಗೊರಸಿನ ನಡುವೆ ನೋಡಿಯೇ ಹಟ್ಟಿಗೆ ಬಿಡೋದು. ಅಡವಿಯಲ್ಲಿದ್ದಾಗ ಸೀತಾಫಲದ ಎಲೆ ಅರೆದು ತುಂಬುತ್ತೇವೆ, ಅಪ್ಪನ ಕಾಲದಿಂದ ಬಂದದ್ದು.

ನಿವೃತ್ತ:
ಸೀತಾಫಲ ನಾನೂ ನೋಡಿದ್ದೇನೆ, ಹುಳಕ್ಕೆ ಆಗುತ್ತದೆ. ಕಣ್ಣಿಗೆ ಮಾತ್ರ ತಾಗಬಾರದು, ದನದ್ದಾಗಲಿ ನಿಮ್ಮದಾಗಲಿ.

ವಿಜಯಪುರದಿಂದ:
ಅಂಗಡಿಯಲ್ಲಿ ಐವರ್ಮೆಕ್ಟಿನ್ ಸೂಜಿಮದ್ದು ಕೇಳಿದರೆ ಕೊಡುತ್ತಾರೆ. ಹಾಲು ಕರೆಯುವ ಎಮ್ಮೆಗೂ ಸುಮ್ನೆ ನಾವೇ ಹಾಕಬಹುದಾ?

ನಿವೃತ್ತ:
ಬೇಡ. ಔಷಧ ಹಾಲಿಗೆ ಬರುತ್ತದೆ, ಮನೆಯ ಮಕ್ಕಳು ಕುಡಿಯೋದು ಅದನ್ನೇ. ಉಳುವ ಎತ್ತಿಗೆ ಕೊಡುತ್ತಾರೆ. ಒಂದು ಪರ್ಸೆಂಟಿನದು 50 ಕೆಜಿ ತೂಕಕ್ಕೆ 1 ಎಂಎಲ್, ಚರ್ಮದ ಕೆಳಗೆ. ತೂಕದ ಅಂದಾಜು ಡಾಕ್ಟರೇ ಮಾಡಲಿ. ದನದ ಮದ್ದನ್ನು ನಾಯಿಗೆ ಅಂದಾಜಿನ ಮೇಲೆ ಹಾಕಲೇಬೇಡಿ. ಕೆಲವು ತಳಿಯ ನಾಯಿಗಳಿಗೆ ಅದು ವಿಷ.

ಚಿಕ್ಕೋಡಿ ಕಡೆಯಿಂದ:
ಈ ನೊಣವನ್ನು ಪೂರ್ತಿ ಇಲ್ಲದಂತೆ ಮಾಡೋಕೆ ಆಗಲ್ವಾ ಕಾಕಾ?

ನಿವೃತ್ತ:
ಇದರ ಅಮೆರಿಕದ ದಾಯಾದಿಗೆ ಮಾಡಿದರು. ಆ ಹೆಣ್ಣು ನೊಣ ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾತ್ರ ಕೂಡುತ್ತದೆ. ಗಂಡು ನೊಣಗಳನ್ನು ವಿಕಿರಣದಿಂದ ಬಂಜೆ ಮಾಡಿ ವಿಮಾನದಿಂದ ಬಿಟ್ಟರು. ಮೊಟ್ಟೆ ಒಡೆಯಲಿಲ್ಲ. 1954ರಲ್ಲಿ ಕುರಾಸಾವ್ ಎಂಬ ದ್ವೀಪದಲ್ಲಿ ಮೊದಲ ಗೆಲುವು, ಆಮೇಲೆ ಪನಾಮಾವರೆಗೂ ಅಟ್ಟಿದರು. 2024ರಲ್ಲಿ ಮೆಕ್ಸಿಕೋಗೆ ಮತ್ತೆ ಬಂದಿದೆ. ಅಷ್ಟು ದುಡ್ಡು ಸುರಿದವರಿಗೇ ಹಾಗೆ. ನಮಗೆ ಚಿಮಟ, ಹತ್ತಿಯೇ ಗತಿ.

ಕೇಳಿದವರು:
ಮೊನ್ನೆ ಡಾಕ್ಟರು ಬಂದಿದ್ದರು. ಎತ್ತನ್ನು ಕಟ್ಟಿ, ಮಂಪರು ಕೊಟ್ಟು, ಪೊಳ್ಳು ತೊಳೆದರು. 47 ಹುಳ. ಮಗಳು ಕುಳಿತು ಎಣಿಸಿದಳು. ನಿನ್ನೆ ಮತ್ತೆ ಬಿಚ್ಚಿದಾಗ 9, ಇವತ್ತು 2. ಮೊದಲ ದಿನವೇ ಎಲ್ಲ ಬಂತು ಅಂದುಕೊಂಡು ಬಿಟ್ಟಿದ್ದರೆ ಈ ಹನ್ನೊಂದು ಒಳಗೇ ಇರುತ್ತಿದ್ದವು. ಮೂಗಿನ ರಕ್ತ ನಿಂತಿದೆ, ಸಂಜೆ ಕಣಕಿ ತಿಂದಿತು. ನೊಗ ಹೂಡುವುದು ಸದ್ಯಕ್ಕೆ ಬೇಡ ಅಂದಿದ್ದಾರೆ, ಬಿತ್ತನೆಗೆ ಮಾವನ ಜೋಡಿ ಕೇಳಿದ್ದೇನೆ. ಅವ್ವ ಮಂತ್ರವನ್ನೂ ಹಾಕಿಸಿಕೊಂಡು ಬಂದಳು. ನಾಳೆ ಬೆಳಗ್ಗೆ ಮತ್ತೆ ಪಟ್ಟಿ ಬಿಚ್ಚಬೇಕು.